ಕಂಪನಿಗಳ ಹಣಕಾಸು ಸಾಧನೆ ಮತ್ತು ನಿರ್ವಹಣೆ

ಕಂಪನಿಯೊಂದು ತನ್ನ ಕೈಗೆ ಬಂದ ಬಂಡವಾಳವನ್ನು ಹೇಗೆ ದುಡಿಸಿತು, ಅದರಿಂದ ಎಷ್ಟು ಗಳಿಸಿತು, ಕೊಡಬೇಕಾದವರಿಗೆ ವಾಯಿದೆಗೆ ಸರಿಯಾಗಿ ಕೊಡುವ ಶಕ್ತಿಯನ್ನು ಉಳಿಸಿಕೊಂಡಿತೆ ಎಂಬುದರ ಒಟ್ಟು ಅಳತೆಗೆ ಹಣಕಾಸು ಸಾಧನೆ ಎನ್ನುತ್ತಾರೆ. ಹಣ ಹೊಂದಿಸುವುದು, ಹೂಡುವುದು, ಬಾಕಿ ವಸೂಲು ಮಾಡುವುದು, ಸಾಲ ತೀರಿಸುವುದು, ಉಳಿದ ಲಾಭವನ್ನು ಹಂಚುವುದು ಅಥವಾ ಕೂಡಿಡುವುದು ಇವೆಲ್ಲ ಸೇರಿ ಹಣಕಾಸು ನಿರ್ವಹಣೆ. ಮೊದಲನೆಯದು ಫಲ, ಎರಡನೆಯದು ಅದಕ್ಕೆ ಕಾರಣವಾದ ಕೆಲಸ. ಪತ್ರಿಕೆಗಳಲ್ಲಿ ಸಾಮಾನ್ಯವಾಗಿ ಎದ್ದು ಕಾಣುವುದು ನಿವ್ವಳ ಲಾಭದ ಒಂದೇ ಅಂಕಿ. ಆದರೆ ಲಾಭ ತೋರಿಸುತ್ತಿದ್ದಾಗಲೇ ಕೈಯಲ್ಲಿ ನಗದಿಲ್ಲದೆ ಕುಸಿದ ಕಂಪನಿಗಳಿವೆ. ನಷ್ಟದ ವರ್ಷಗಳನ್ನು ಕೂಡಿಟ್ಟ ಹಣದ ಬಲದಿಂದ ದಾಟಿದ ಕಂಪನಿಗಳೂ ಇವೆ. ಹೀಗಾಗಿ ಲಾಭ, ನಗದು, ಸಾಲ ಮೂರನ್ನೂ ಒಟ್ಟಿಗೆ ಇಟ್ಟು ನೋಡುವುದು ಈ ಶಾಸ್ತ್ರದ ಮೊದಲ ಪಾಠ.

ಹಿನ್ನೆಲೆ

ಪ್ರತಿಯೊಂದು ವ್ಯವಹಾರವನ್ನೂ ಎರಡು ಕಡೆ ಬರೆಯುವ ಜೋಡಿ ನಮೂದು ಪದ್ಧತಿ ಇಟಲಿಯ ವ್ಯಾಪಾರಿ ನಗರಗಳಲ್ಲಿ ಬೆಳೆಯಿತು. ಗಣಿತಜ್ಞನೂ ಪಾದ್ರಿಯೂ ಆಗಿದ್ದ ಲೂಕಾ ಪಾಚೋಲಿ 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ತನ್ನ ಗಣಿತ ಗ್ರಂಥದಲ್ಲಿ ಅದನ್ನು ಕ್ರಮವಾಗಿ ವಿವರಿಸಿದ. ಆಗ ವ್ಯಾಪಾರಿಯೇ ಹಣದ ಒಡೆಯ, ಅವನೇ ಅದರ ಲೆಕ್ಕಿಗ. 1602ರಲ್ಲಿ ಹುಟ್ಟಿದ ಡಚ್ ಈಸ್ಟ್ ಇಂಡಿಯಾ ಕಂಪನಿಯಂಥ ಸಂಸ್ಥೆಗಳು ಅನೇಕರಿಂದ ಷೇರು ಹಣ ಎತ್ತಿದ ಮೇಲೆ ಪರಿಸ್ಥಿತಿ ಬದಲಾಯಿತು. ಹಣ ಹಾಕಿದವರು ಒಬ್ಬರು, ವ್ಯವಹಾರ ನಡೆಸುವವರು ಮತ್ತೊಬ್ಬರು ಆದಾಗ ಲೆಕ್ಕ ಒಪ್ಪಿಸುವುದು ಕರ್ತವ್ಯವಾಯಿತು. ಕಂಪನಿ ಮುಳುಗಿದರೂ ಷೇರುದಾರನ ಹೊಣೆ ಅವನು ಹಾಕಿದ ಹಣಕ್ಕಷ್ಟೇ ಸೀಮಿತ ಎಂಬ ತತ್ತ್ವವನ್ನು ಬ್ರಿಟನ್ 1855ರಲ್ಲಿ ಕಾನೂನಾಗಿಸಿತು. ಭಾರತದ ಮೊದಲ ಕಂಪನಿ ಕಾಯ್ದೆ 1850ರದು. ಸೀಮಿತ ಹೊಣೆಗಾರಿಕೆ ಇಲ್ಲಿಗೆ 1857ರಲ್ಲಿ ಬಂತು. 1913 ಮತ್ತು 1956ರ ಕಾಯ್ದೆಗಳ ಬಳಿಕ ಈಗ ಜಾರಿಯಲ್ಲಿರುವುದು 2013ರ ಕಂಪನಿ ಕಾಯ್ದೆ.

ಲೆಕ್ಕ ಬರೆಯುವ ಕಲೆ ಹೀಗೆ ಹಳೆಯದಾದರೂ ಅದನ್ನು ಬಿಡಿಸಿ ಓದುವ ವಿದ್ಯೆ 20ನೇ ಶತಮಾನದ್ದು. ಅಮೆರಿಕದ ಡುಪಾಂಟ್ ಕಂಪನಿಯ ಡೊನಾಲ್ಡ್‌ಸನ್ ಬ್ರೌನ್ 1910ರ ದಶಕದಲ್ಲಿ ಹೂಡಿಕೆಯ ಮೇಲಿನ ಗಳಿಕೆಯನ್ನು ಅದರ ಘಟಕಗಳಾಗಿ ಒಡೆದು ತೋರಿಸಿದರು. 1958ರಲ್ಲಿ ಮೊಡಿಗ್ಲಿಯಾನಿ ಮತ್ತು ಮಿಲ್ಲರ್ ಎಂಬ ಅರ್ಥಶಾಸ್ತ್ರಜ್ಞರು ಸಾಲ ಮತ್ತು ಷೇರು ಬಂಡವಾಳದ ಹೊಂದಾಣಿಕೆಯನ್ನು ಸಿದ್ಧಾಂತಕ್ಕೆ ತಂದರು. ಕಂಪನಿಯೊಂದು ದಿವಾಳಿಯ ಕಡೆಗೆ ಸಾಗಿದೆಯೇ ಎಂದು ಮುಂಚಿತವಾಗಿ ಅಂದಾಜು ಮಾಡುವ ಸೂತ್ರವನ್ನು ನ್ಯೂಯಾರ್ಕ್ ವಿಶ್ವವಿದ್ಯಾಲಯದ ಎಡ್ವರ್ಡ್ ಆಲ್ಟ್‌ಮನ್ 1968ರಲ್ಲಿ ಮುಂದಿಟ್ಟರು.

ಮೂರು ತಃಖ್ತೆಗಳು

ಭಾರತದಲ್ಲಿ ಹಣಕಾಸು ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಆ ವರ್ಷದ ಕಥೆ ಮುಖ್ಯವಾಗಿ ಮೂರು ತಃಖ್ತೆಗಳಲ್ಲಿ ಅಡಗಿರುತ್ತದೆ.

ಲಾಭ-ನಷ್ಟ ತಃಖ್ತೆಯಲ್ಲಿ ವರ್ಷದ ಆದಾಯ, ಖರ್ಚು, ಸವಕಳಿ, ಬಡ್ಡಿ, ತೆರಿಗೆ ಬರುತ್ತವೆ. ಇವೆಲ್ಲ ಕಳೆದು ಉಳಿದದ್ದು ನಿವ್ವಳ ಲಾಭ. ಮಾಲು ಮಾರಿದ ದಿನವೇ ಅದರ ಬೆಲೆ ಆದಾಯವಾಗಿ ಜಮೆಯಾಗುತ್ತದೆ. ಗಿರಾಕಿ ದುಡ್ಡು ಕೊಟ್ಟನೋ, ಉದ್ರಿ ಹೇಳಿದನೋ ಎಂಬುದನ್ನು ಈ ತಃಖ್ತೆ ಕೇಳುವುದಿಲ್ಲ. ಹತ್ತು ವರ್ಷ ಬಾಳುವ ಯಂತ್ರದ ಬೆಲೆಯನ್ನು ಒಂದೇ ವರ್ಷ ಖರ್ಚು ಬರೆಯದೆ ಸವಕಳಿಯಾಗಿ ಹತ್ತು ವರ್ಷಕ್ಕೆ ಹಂಚಲಾಗುತ್ತದೆ. ಆದ್ದರಿಂದ ಲಾಭದ ಅಂಕಿಯಲ್ಲಿ ಅಂದಾಜಿನ ಅಂಶ ಸದಾ ಇರುತ್ತದೆ.

ಬ್ಯಾಲೆನ್ಸ್ ಶೀಟ್ ಎಂದೇ ಬಳಕೆಯಲ್ಲಿರುವ ಆಸ್ತಿ-ಹೊಣೆ ಪಟ್ಟಿ ವರ್ಷದ ಕೊನೆಯ ದಿನದ ಸ್ಥಿತಿಯನ್ನು ಹೇಳುತ್ತದೆ. ಒಂದು ಕಡೆ ಜಮೀನು, ಕಟ್ಟಡ, ಯಂತ್ರ, ದಾಸ್ತಾನು, ಬರಬೇಕಾದ ಬಾಕಿ, ನಗದು. ಇನ್ನೊಂದು ಕಡೆ ಷೇರು ಬಂಡವಾಳ, ಮೀಸಲು ನಿಧಿ, ಸಾಲ, ಕೊಡಬೇಕಾದ ಬಾಕಿ. ಎರಡೂ ಕಡೆಯ ಮೊತ್ತ ಸಮ ಬರಲೇಬೇಕು.

ನಗದು ಹರಿವಿನ ತಃಖ್ತೆ ಹಣ ನಿಜವಾಗಿ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬುದನ್ನು ಮೂರು ಭಾಗ ಮಾಡಿ ತೋರಿಸುತ್ತದೆ: ದಿನದ ವ್ಯವಹಾರದಿಂದ ಬಂದದ್ದು, ಹೂಡಿಕೆಗೆ ಹೋದದ್ದು, ಸಾಲ ಮತ್ತು ಷೇರಿನ ಮೂಲಕ ಬಂದುಹೋದದ್ದು. ಲಾಭ ವರ್ಷವರ್ಷವೂ ಏರುತ್ತಿದ್ದು ದಿನದ ವ್ಯವಹಾರದ ನಗದು ಮಾತ್ರ ಏರದಿದ್ದರೆ ಮಾರಾಟವೆಲ್ಲ ಉದ್ರಿಯಲ್ಲೇ ನಿಂತಿದೆ, ಇಲ್ಲವೇ ದಾಸ್ತಾನು ಗೋದಾಮಿನಲ್ಲಿ ಕೂತಿದೆ, ಇಲ್ಲವೇ ಲೆಕ್ಕದಲ್ಲೇ ಐಬಿದೆ ಎಂದರ್ಥ. ಒಂದು ವ್ಯಕ್ತಿ ಕಂಪನಿ, ಸಣ್ಣ ಕಂಪನಿ, ವ್ಯವಹಾರವಿಲ್ಲದೆ ಸುಪ್ತವಾಗಿರುವ ಕಂಪನಿಗಳಿಗೆ ಈ ಮೂರನೆಯ ತಃಖ್ತೆಯಿಂದ ಕಾಯ್ದೆ ವಿನಾಯಿತಿ ಕೊಟ್ಟಿದೆ.

ತಃಖ್ತೆಗಳ ಜೊತೆಗೆ ಬರುವ ಟಿಪ್ಪಣಿಗಳನ್ನು ಓದದೆ ಬಿಡುವವರೇ ಹೆಚ್ಚು. ಕೋರ್ಟಿನಲ್ಲಿರುವ ತೆರಿಗೆ ವ್ಯಾಜ್ಯ, ಅಂಗಸಂಸ್ಥೆಗೆ ನಿಂತ ಜಾಮೀನು, ಪ್ರವರ್ತಕರ ಬೇರೆ ಕಂಪನಿಗಳೊಂದಿಗಿನ ಕೊಡುಕೊಳ್ಳುವಿಕೆ ಎಲ್ಲ ಅಲ್ಲಿಯೇ ಇರುತ್ತವೆ.

ಅನುಪಾತಗಳು

ಬಿಡಿ ಅಂಕಿಗೆ ಸ್ವಂತ ಅರ್ಥ ಕಡಿಮೆ. 8 ಕೋಟಿ ಲಾಭ ಹೆಚ್ಚೋ ಕಡಿಮೆಯೋ ಎಂಬುದು ಅದಕ್ಕೆ ಎಷ್ಟು ಬಂಡವಾಳ ದುಡಿದಿದೆ ಎಂಬುದರ ಮೇಲೆ ನಿಂತಿದೆ. ಇದಕ್ಕಾಗಿ ಅನುಪಾತಗಳು ಬಳಕೆಗೆ ಬಂದಿವೆ.

ಡುಪಾಂಟ್ ವಿಧಾನ ಇವುಗಳಲ್ಲಿ ಹೆಚ್ಚು ಪ್ರಚಾರದಲ್ಲಿದೆ. ಷೇರುದಾರರ ಹಣದ ಮೇಲಿನ ಗಳಿಕೆಯನ್ನು ಅದು ಮೂರು ಘಟಕಗಳ ಗುಣಲಬ್ಧವಾಗಿ ಕಾಣುತ್ತದೆ: ಮಾರಾಟದಲ್ಲಿ ಲಾಭದ ಪಾಲು, ಆಸ್ತಿಯ ಎಷ್ಟು ಪಟ್ಟು ಮಾರಾಟ, ಸ್ವಂತ ಹಣದ ಎಷ್ಟು ಪಟ್ಟು ಆಸ್ತಿ. ಉದಾಹರಣೆಗೆ ಒಂದು ಕಂಪನಿಯ ವಾರ್ಷಿಕ ಮಾರಾಟ 100 ಕೋಟಿ, ನಿವ್ವಳ ಲಾಭ 8 ಕೋಟಿ, ಒಟ್ಟು ಆಸ್ತಿ 80 ಕೋಟಿ, ಷೇರುದಾರರ ಹಣ 40 ಕೋಟಿ ಎಂದುಕೊಳ್ಳೋಣ. ಲಾಭದ ಪಾಲು ಶೇ. 8, ಆಸ್ತಿಯ ದುಡಿಮೆ 1.25 ಪಟ್ಟು, ಸ್ವಂತ ಹಣಕ್ಕೆ ಆಸ್ತಿ 2 ಪಟ್ಟು. ಮೂರನ್ನೂ ಗುಣಿಸಿದರೆ ಶೇ. 20 ಗಳಿಕೆ. ಆಭರಣದ ಅಂಗಡಿಯೂ ದಿನಸಿಯ ಸೂಪರ್ ಮಾರ್ಕೆಟ್ಟೂ ಇದೇ ಶೇ. 20ನ್ನು ಬೇರೆ ಬೇರೆ ದಾರಿಯಲ್ಲಿ ತಲುಪುತ್ತವೆ: ಒಂದು ಪ್ರತಿ ಮಾರಾಟದಲ್ಲಿ ಹೆಚ್ಚು ಉಳಿಸುತ್ತದೆ, ಇನ್ನೊಂದು ಕಡಿಮೆ ಉಳಿಸಿದರೂ ಹಣವನ್ನು ಬೇಗಬೇಗ ತಿರುಗಿಸುತ್ತದೆ.

ಅಲ್ಪಾವಧಿ ಹೊಣೆಗಳನ್ನು ತೀರಿಸುವ ಶಕ್ತಿಯನ್ನು, ಚಾಲ್ತಿ ಆಸ್ತಿ ಆ ಹೊಣೆಗಳ ಎಷ್ಟು ಪಟ್ಟು ಇದೆ ಎಂಬ ಚಾಲ್ತಿ ಅನುಪಾತ ಹೇಳುತ್ತದೆ. ಪಠ್ಯಪುಸ್ತಕಗಳ ಆದರ್ಶ 2:1. ಭಾರತದ ಬ್ಯಾಂಕುಗಳು ಬಹುಕಾಲ ರಿಸರ್ವ್ ಬ್ಯಾಂಕ್ ನೇಮಿಸಿದ ಟಂಡನ್ ಸಮಿತಿಯ ಎರಡನೆಯ ವಿಧಾನದಿಂದ ಬಂದ 1.33ನ್ನು ಮಾನದಂಡವಾಗಿ ಇಟ್ಟುಕೊಂಡವು. ಆ ಸಮಿತಿ 1975ರಲ್ಲಿ ವರದಿ ಕೊಟ್ಟಿತ್ತು. ಬಡ್ಡಿ-ತೆರಿಗೆಗಳಿಗೆ ಮುಂಚಿನ ಲಾಭ ವರ್ಷದ ಬಡ್ಡಿಯ ಎಷ್ಟು ಪಟ್ಟು ಇದೆ ಎಂಬ ಬಡ್ಡಿ ರಕ್ಷಣಾ ಅನುಪಾತ 1ಕ್ಕಿಂತ ಕೆಳಗಿಳಿದರೆ ಕಂಪನಿ ಬಡ್ಡಿ ಕಟ್ಟಲು ಕೂಡಿಟ್ಟ ಹಣವನ್ನು ಮುಟ್ಟಬೇಕು ಇಲ್ಲವೇ ಮತ್ತೆ ಸಾಲ ಮಾಡಬೇಕಾಗುತ್ತದೆ. ಆಲ್ಟ್‌ಮನ್ ಸೂತ್ರ ಇಂಥ ಐದು ಅನುಪಾತಗಳನ್ನು ತೂಕ ಕೊಟ್ಟು ಕೂಡಿಸುತ್ತದೆ; ಸಾರ್ವಜನಿಕ ಷೇರುಗಳಿರುವ ತಯಾರಿಕಾ ಕಂಪನಿಯ ಅಂಕ 1.81ಕ್ಕಿಂತ ಕಡಿಮೆಯಾದರೆ ಅಪಾಯ, 2.99ಕ್ಕಿಂತ ಹೆಚ್ಚಾದರೆ ಕ್ಷೇಮ ಎಂದು ಲೆಕ್ಕ. ಬ್ಯಾಂಕುಗಳ ಲೆಕ್ಕದ ಸ್ವರೂಪವೇ ಬೇರೆಯಾದ್ದರಿಂದ ಅವುಗಳಿಗೆ ಇದು ಹೊಂದುವುದಿಲ್ಲ.

ಅನುಪಾತಗಳನ್ನು ಒಂದೇ ವರ್ಷಕ್ಕೆ ನೋಡಿ ಫಲವಿಲ್ಲ. ಅದೇ ಕಂಪನಿಯ ಐದಾರು ವರ್ಷಗಳ ಸಾಲು, ಅದೇ ಉದ್ಯಮದ ಬೇರೆ ಕಂಪನಿಗಳ ಸಾಲು ಪಕ್ಕದಲ್ಲಿದ್ದಾಗಲೇ ಅವು ಮಾತಾಡುತ್ತವೆ.

ದುಡಿಯುವ ಬಂಡವಾಳ

ಕಚ್ಚಾ ಮಾಲು ಕೊಂಡು, ಸರಕು ತಯಾರಿಸಿ, ಮಾರಿ, ದುಡ್ಡು ಕೈಗೆ ಬರುವವರೆಗೆ ಕಂಪನಿಯನ್ನು ನಡೆಸುವ ಹಣಕ್ಕೆ ದುಡಿಯುವ ಬಂಡವಾಳ ಎಂದು ಹೆಸರು. ದಾಸ್ತಾನು 60 ದಿನ ಕೂತು, ಗಿರಾಕಿಯ ಬಾಕಿ 75 ದಿನಕ್ಕೆ ಬಂದು, ಮಾಲು ಕೊಟ್ಟವರಿಗೆ ಕಂಪನಿ 45 ದಿನಕ್ಕೆ ಹಣ ಕೊಡುವುದಾದರೆ ನಡುವೆ 90 ದಿನಗಳ ಅಂತರವಿದೆ. ದಿನದ ಖರ್ಚು 20 ಲಕ್ಷವಾದರೆ 18 ಕೋಟಿ ರೂಪಾಯಿ ಸದಾ ಈ ಅಂತರದಲ್ಲಿ ಸಿಕ್ಕಿಕೊಂಡಿರುತ್ತದೆ. ವಸೂಲಿಯನ್ನು 15 ದಿನ ಬೇಗ ಮಾಡಿದರೆ 3 ಕೋಟಿ ಬಿಡುಗಡೆಯಾಗುತ್ತದೆ. ಅಷ್ಟು ಹಣಕ್ಕೆ ಬ್ಯಾಂಕಿಗೆ ಕಟ್ಟುವ ಬಡ್ಡಿ ಉಳಿಯುತ್ತದೆ. ಸಾಬೂನು, ಬಿಸ್ಕತ್ತಿನಂಥ ದಿನಬಳಕೆಯ ಸರಕು ಮಾಡುವ ಕೆಲವು ದೊಡ್ಡ ಕಂಪನಿಗಳು ಮಾರಾಟದ ಹಣ ಮೊದಲು ಪಡೆದು ಮಾಲಿನವರಿಗೆ ಆಮೇಲೆ ಕೊಡುವುದರಿಂದ ಅವುಗಳ ಅಂತರ ಸೊನ್ನೆಗಿಂತಲೂ ಕೆಳಗೆ ಹೋಗುವುದುಂಟು. ಅಂದರೆ ಅವುಗಳ ದಿನದ ವ್ಯವಹಾರ ಬೇರೆಯವರ ಹಣದಲ್ಲಿ ನಡೆಯುತ್ತದೆ.

ಆ ಬೇರೆಯವರು ಹೆಚ್ಚಾಗಿ ಸಣ್ಣ ಉದ್ಯಮಿಗಳು. ಬೆಂಗಳೂರಿನ ಪೀಣ್ಯ, ಬೆಳಗಾವಿಯ ಉದ್ಯಮಬಾಗ್‌ನಂಥ ಕಡೆ ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುವ ಘಟಕಗಳಿಗೆ ಆರ್ಡರಿನ ಕೊರತೆಯಷ್ಟೇ ತಡವಾಗಿ ಬರುವ ಬಿಲ್ಲಿನ ಹಣವೂ ಭಾರ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆ ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ ಹೆಚ್ಚೆಂದರೆ 45 ದಿನದಲ್ಲಿ ಹಣ ಸಲ್ಲಬೇಕೆಂದು ವಿಧಿಸಿತು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕು. ಕಾಗದದ ಮೇಲಿದ್ದ ಈ ನಿಯಮಕ್ಕೆ ಆದಾಯ ತೆರಿಗೆಯ ಬಲ ಬಂದದ್ದು 2024ರ ಏಪ್ರಿಲ್ 1ರಿಂದ: ಅವಧಿ ಮೀರಿದ ಬಾಕಿಯನ್ನು ನಿಜವಾಗಿ ಪಾವತಿಸಿದ ವರ್ಷದಲ್ಲಷ್ಟೇ ಖರ್ಚಾಗಿ ತೋರಿಸಲು ಅವಕಾಶವಾಯಿತು. ಬಿಲ್ಲುಗಳನ್ನು ಬ್ಯಾಂಕುಗಳಿಗೆ ಸೋಡಿಗೆ ಮಾರಿ ಬೇಗ ಹಣ ಪಡೆಯಲು ರಿಸರ್ವ್ ಬ್ಯಾಂಕ್ ಅನುಮತಿಯ ಟ್ರೆಡ್ಸ್ ಎಂಬ ವಿದ್ಯುನ್ಮಾನ ವೇದಿಕೆಗಳೂ ಇವೆ. ಸಣ್ಣ ಕೈಗಾರಿಕೆಗಳಿಗೆ ಅಂದಾಜು ವಾರ್ಷಿಕ ವಹಿವಾಟಿನ ಶೇ. 20ರಷ್ಟನ್ನು ದುಡಿಯುವ ಬಂಡವಾಳವಾಗಿ ಬ್ಯಾಂಕುಗಳು ಕೊಡಬೇಕೆಂಬ ಸೂತ್ರ 1990ರ ದಶಕದ ನಾಯಕ್ ಸಮಿತಿಯಿಂದ ಬಂದದ್ದು.

ಬಂಡವಾಳದ ರಚನೆ

ಕಂಪನಿಗೆ ಹಣ ಬರುವ ದಾರಿಗಳು ಎರಡು. ಒಂದು, ಒಡೆತನದ ಹಣ: ಷೇರು ಬಂಡವಾಳ ಮತ್ತು ಕೂಡಿಟ್ಟ ಲಾಭ. ಇನ್ನೊಂದು, ಸಾಲ: ಬ್ಯಾಂಕಿನದು, ಡಿಬೆಂಚರಿನದು, ಠೇವಣಿಯದು. ಸಾಲದ ಬಡ್ಡಿಗೆ ತೆರಿಗೆ ವಿನಾಯಿತಿ ಸಿಗುವುದರಿಂದ ಅದು ಅಗ್ಗ. ಲಾಭವಿರಲಿ ಬಿಡಲಿ ಕಟ್ಟಲೇಬೇಕಾದ್ದರಿಂದ ಅದು ಅಪಾಯ. ಹಿಂದಿನ ಉದಾಹರಣೆಯ ಕಂಪನಿ ಸ್ವಂತ ಹಣವನ್ನು 40 ಕೋಟಿಯಿಂದ 20 ಕೋಟಿಗೆ ಇಳಿಸಿ, ಉಳಿದ 20 ಕೋಟಿಯನ್ನು ಶೇ. 10ರ ಬಡ್ಡಿಗೆ ತಂದರೆ, ತೆರಿಗೆಯ ಮಾತು ಬಿಟ್ಟು, ಲಾಭ 6 ಕೋಟಿಗೆ ಇಳಿದರೂ ಸ್ವಂತ ಹಣದ ಮೇಲಿನ ಗಳಿಕೆ ಶೇ. 20ರಿಂದ ಶೇ. 30ಕ್ಕೆ ಏರುತ್ತದೆ. ಮರುವರ್ಷ ವ್ಯಾಪಾರ ಕುಗ್ಗಿ ಲಾಭ 7 ಕೋಟಿ ಕಡಿಮೆಯಾಯಿತೆನ್ನಿ. ಸಾಲ ಹೆಚ್ಚಿಸದ ಕಂಪನಿಗೆ ಆಗಲೂ 1 ಕೋಟಿ ಉಳಿಯುತ್ತದೆ. ಸಾಲ ಹೆಚ್ಚಿಸಿಕೊಂಡದ್ದಕ್ಕೆ 1 ಕೋಟಿ ನಷ್ಟ. ಒಳ್ಳೆಯ ಕಾಲದಲ್ಲಿ ಗಳಿಕೆಯನ್ನು ಹಿಗ್ಗಿಸುವ ಸಾಲವೇ ಕೆಟ್ಟ ಕಾಲದಲ್ಲಿ ನಷ್ಟವನ್ನೂ ಹಿಗ್ಗಿಸುತ್ತದೆ.

ಸಾಲದ ಮೊತ್ತದಷ್ಟೇ ಅದರ ಅವಧಿಯೂ ಮುಖ್ಯ. ಹದಿನೈದು ಇಪ್ಪತ್ತು ವರ್ಷಕ್ಕೆ ಫಲ ಕೊಡುವ ಹೆದ್ದಾರಿಗೆ ಕೆಲವೇ ತಿಂಗಳ ಸಾಲ ತಂದರೆ ಹಳೆಯದನ್ನು ತೀರಿಸಲು ಹೊಸದನ್ನು ಎತ್ತುತ್ತಲೇ ಇರಬೇಕು. ಮೂಲಸೌಕರ್ಯ ಯೋಜನೆಗಳಿಗೆ ಹಣ ಒದಗಿಸುತ್ತಿದ್ದ ಐಎಲ್ ಆ್ಯಂಡ್ ಎಫ್‌ಎಸ್ ಸಮೂಹ 2018ರಲ್ಲಿ ಕುಸಿದದ್ದು ಮುಖ್ಯವಾಗಿ ಇದರಿಂದ. ಸಮೂಹದ ಸಾಲ 91,000 ಕೋಟಿ ರೂಪಾಯಿಗೂ ಮೀರಿತ್ತು. ಆ ವರ್ಷದ ಮಧ್ಯಭಾಗದವರೆಗೂ ಅದರ ಸಾಲಪತ್ರಗಳಿಗೆ ಅತ್ಯುನ್ನತ ದರ್ಜೆಯಾದ ಎಎಎ ಸಿಕ್ಕಿತ್ತು. ಅಕ್ಟೋಬರ್ 1ರಂದು ಕೇಂದ್ರ ಸರ್ಕಾರ ಹಳೆಯ ನಿರ್ದೇಶಕ ಮಂಡಳಿಯನ್ನು ಬದಲಿಸಿ ಹೊಸದನ್ನು ನೇಮಿಸಿತು.

ಬ್ಯಾಂಕುಗಳು ಸಾಲ ಕೊಡುವುದು ಜನರ ಉಳಿತಾಯದಿಂದ. ಈ ಉಳಿತಾಯವನ್ನು ಒಟ್ಟುಗೂಡಿಸುವುದರಲ್ಲಿ ಕರ್ನಾಟಕದ ಕರಾವಳಿಯ ಪಾತ್ರ ದೊಡ್ಡದು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಸ್ಥಾಪಿಸಿದ ನಿಧಿ ಮುಂದೆ ಕೆನರಾ ಬ್ಯಾಂಕ್ ಆಯಿತು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ತಂದು ಮನೆಮನೆಯಿಂದ ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸಿತು. ಅದು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ದೊಡ್ಡ ಕಂಪನಿಯ ಸಾಲ ಮುಳುಗಿದಾಗ ಪೆಟ್ಟು ಬೀಳುವುದು ಕೊನೆಗೆ ಇಂಥ ಉಳಿತಾಯದ ಮೇಲೆ.

ಲಾಭದ ವಿನಿಯೋಗ

ಲಾಭವನ್ನು ಏನು ಮಾಡಬೇಕೆಂಬ ಪ್ರಶ್ನೆಗೆ ನಾಲ್ಕು ಉತ್ತರಗಳಿವೆ: ವ್ಯಾಪಾರ ವಿಸ್ತರಣೆ, ಸಾಲ ತೀರುವಳಿ, ಷೇರುದಾರರಿಗೆ ಹಂಚಿಕೆ, ಕಷ್ಟಕಾಲಕ್ಕೆ ಮೀಸಲು. ಹೊಸ ಹೂಡಿಕೆಯಿಂದ ಬರುವ ಗಳಿಕೆ ಆ ಹಣದ ವೆಚ್ಚಕ್ಕಿಂತ ಹೆಚ್ಚಿದ್ದರೆ ಮಾತ್ರ ವಿಸ್ತರಣೆ ಲೇಸು. ಇಲ್ಲದಿದ್ದರೆ ಕಂಪನಿ ದೊಡ್ಡದಾದಷ್ಟೂ ಅದರ ಮೌಲ್ಯ ಕರಗುತ್ತದೆ.

ಇನ್ಫೊಸಿಸ್ 1981ರಲ್ಲಿ ಪುಣೆಯಲ್ಲಿ 10,000 ರೂಪಾಯಿ ಬಂಡವಾಳದಿಂದ ಶುರುವಾಗಿ 1983ರಲ್ಲಿ ಬೆಂಗಳೂರಿಗೆ ಬಂತು. 1993ರಲ್ಲಿ ಸಾರ್ವಜನಿಕರಿಗೆ ಷೇರು ಮಾರಿ, 1999ರಲ್ಲಿ ಅಮೆರಿಕದ ನಾಸ್ಡಾಕ್ ಪೇಟೆಯಲ್ಲಿ ನೋಂದಾಯಿತವಾಯಿತು. ಬ್ಯಾಂಕ್ ಸಾಲಕ್ಕೆ ಆತುಕೊಳ್ಳದೆ ನಗದು ಕೂಡಿಡುವುದು ಅದರ ರೂಢಿ. ಕೂಡಿಟ್ಟದ್ದು ಬಳಕೆಗೆ ಮೀರಿದಾಗ 2017ರಲ್ಲಿ 13,000 ಕೋಟಿ ರೂಪಾಯಿವರೆಗೆ ತನ್ನದೇ ಷೇರುಗಳನ್ನು ಮರಳಿ ಕೊಂಡಿತು. ನಗದು ಅತಿಯಾಗಿ ಕೂತಿದ್ದರೂ ಷೇರುದಾರರು ಲೆಕ್ಕ ಕೇಳುತ್ತಾರೆ.

ಹೂಡಿಕೆಯ ದಿಕ್ಕು ತಪ್ಪಿದರೆ ಹೆಸರು ಕೂಡ ಕಾಯುವುದಿಲ್ಲ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಿಂದ ಬೆಂಗಳೂರಿನಲ್ಲಿ ಕೈಗಡಿಯಾರ ತಯಾರಿಸಿದ ಎಚ್‌ಎಂಟಿಗೆ ಎರಡು ದಶಕ ಎದುರಾಳಿಯೇ ಇರಲಿಲ್ಲ ಎನ್ನಬಹುದು. ಟಾಟಾ ಸಮೂಹ ಮತ್ತು ತಮಿಳುನಾಡು ಕೈಗಾರಿಕಾ ಅಭಿವೃದ್ಧಿ ನಿಗಮ 1984ರಲ್ಲಿ ಕೂಡಿ ಕಟ್ಟಿದ ಟೈಟನ್ ಕ್ವಾರ್ಟ್ಜ್ ಗಡಿಯಾರಕ್ಕೆ ಒತ್ತು ಕೊಟ್ಟಿತು. ಎಚ್‌ಎಂಟಿಯ ಬಂಡವಾಳ ಕೀ ಕೊಡುವ ಗಡಿಯಾರಗಳ ಯಂತ್ರಗಳಲ್ಲೇ ಹೆಚ್ಚಾಗಿ ತೊಡಗಿತ್ತು. ಅದರ ಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ 2016ರ ಜನವರಿಯಲ್ಲಿ ಒಪ್ಪಿತು.

2013ರ ಕಾಯ್ದೆ ಲಾಭದ ಒಂದು ಪಾಲನ್ನು ಸಮಾಜಕ್ಕೂ ಕಟ್ಟಿದೆ. ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1,000 ಕೋಟಿ ಅಥವಾ ನಿವ್ವಳ ಲಾಭ 5 ಕೋಟಿ ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ಖರ್ಚು ಮಾಡಬೇಕು.

ವಂಚನೆ ಮತ್ತು ಕುಸಿತ

ಲೆಕ್ಕ ತಿರುಚುವ ದಾರಿಗಳು ಮೂಲತಃ ಕೆಲವೇ: ಬಾರದ ಆದಾಯ ಬರೆಯುವುದು, ಖರ್ಚನ್ನು ಆಸ್ತಿಯೆಂದು ತೋರಿಸುವುದು, ಸಾಲವನ್ನು ಬೇರೆ ಸಂಸ್ಥೆಯ ಹೆಸರಿನಲ್ಲಿ ಅಡಗಿಸುವುದು. 2001ರಲ್ಲಿ ಕುಸಿದ ಅಮೆರಿಕದ ಎನ್ರಾನ್ ಸಾಲ ಅಡಗಿಸಿತ್ತು. ಮರುವರ್ಷ ಬಯಲಾದ ವರ್ಲ್ಡ್‌ಕಾಂ, ದೂರವಾಣಿ ಮಾರ್ಗಗಳ ಬಾಡಿಗೆಯನ್ನು ಆಸ್ತಿಯಾಗಿ ಬರೆದು ಲಾಭ ಉಬ್ಬಿಸಿತ್ತು.

ಭಾರತದಲ್ಲಿ ಈ ಮಾತು ಬಂದಾಗಲೆಲ್ಲ ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ನೆನಪಾಗುತ್ತದೆ. ಅದರ ಅಧ್ಯಕ್ಷ ಬಿ. ರಾಮಲಿಂಗ ರಾಜು 2009ರ ಜನವರಿ 7ರಂದು ನಿರ್ದೇಶಕ ಮಂಡಳಿಗೆ ಬರೆದ ಪತ್ರದಲ್ಲಿ, ಪುಸ್ತಕದಲ್ಲಿದ್ದ 5,361 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡರು. ಆ ಇಲ್ಲದ ಹಣಕ್ಕೆ 376 ಕೋಟಿ ಬಡ್ಡಿಯನ್ನೂ ಬರೆಯಲಾಗಿತ್ತು. 2008ರ ಸೆಪ್ಟೆಂಬರ್ ತ್ರೈಮಾಸಿಕದಲ್ಲಿ 649 ಕೋಟಿ ಎಂದು ತೋರಿಸಿದ್ದ ಕಾರ್ಯಾಚರಣೆ ಲಾಭ ನಿಜಕ್ಕೆ 61 ಕೋಟಿ ಮಾತ್ರ. ನಗದಿನ ಲೆಕ್ಕವನ್ನು ಬ್ಯಾಂಕಿನಿಂದ ನೇರವಾಗಿ ದೃಢಪಡಿಸಿಕೊಳ್ಳುವುದು ಲೆಕ್ಕಪರಿಶೋಧನೆಯ ಅತಿ ಸರಳ ಪರೀಕ್ಷೆ; ಇಲ್ಲಿ ಸೋತದ್ದು ಅಲ್ಲಿಯೇ. 2009ರ ಏಪ್ರಿಲ್‌ನಲ್ಲಿ ಸತ್ಯಂ ಅನ್ನು ಕೊಳ್ಳಲು ಟೆಕ್ ಮಹೀಂದ್ರ ಆಯ್ಕೆಯಾಯಿತು.

ಬೆಂಗಳೂರಿನ ಕಿಂಗ್‌ಫಿಷರ್ ಏರ್‌ಲೈನ್ಸ್ ಬೇರೆ ಬಗೆಯ ಪಾಠ. 2005ರಲ್ಲಿ ಹಾರಾಟ ಆರಂಭಿಸಿ, 2007ರಲ್ಲಿ ಏರ್ ಡೆಕ್ಕನ್‌ನಲ್ಲಿ ಪಾಲು ಕೊಂಡು ಬೆಳೆದರೂ ಅದು ಒಂದು ವರ್ಷವೂ ಲಾಭ ಕಾಣಲಿಲ್ಲ. ಇಂಧನದ ಬೆಲೆ ಏರಿದಂತೆ ನಷ್ಟ ತುಂಬಲು ಸಾಲ, ಸಾಲದ ಬಡ್ಡಿಗೆ ಮತ್ತೆ ಸಾಲ ಎಂಬಂತಾಗಿ 2012ರ ಅಕ್ಟೋಬರ್‌ನಲ್ಲಿ ವಿಮಾನಗಳು ನಿಂತವು. ಒತ್ತೆಯಿಟ್ಟಿದ್ದ ಬ್ರಾಂಡ್ ಹೆಸರನ್ನು ಬ್ಯಾಂಕುಗಳು 2016ರಲ್ಲಿ 366.70 ಕೋಟಿ ಮೂಲಬೆಲೆಗೆ ಹರಾಜಿಗಿಟ್ಟಾಗ ಒಬ್ಬರೂ ಸವಾಲು ಕೂಗಲಿಲ್ಲ.

ನಿಯಂತ್ರಣ

ಸತ್ಯಂ ಹಗರಣದ ನೆರಳು 2013ರ ಕಾಯ್ದೆಯ ಮೇಲೆ ಬಿದ್ದಿದೆ. ಷೇರುಪೇಟೆಯಲ್ಲಿರುವ ಕಂಪನಿಯ ಮಂಡಳಿಯಲ್ಲಿ ಕನಿಷ್ಠ ಮೂರನೇ ಒಂದರಷ್ಟು ಸ್ವತಂತ್ರ ನಿರ್ದೇಶಕರಿರಬೇಕು. ಅಂಥ ಕಂಪನಿಯಲ್ಲಿ ಲೆಕ್ಕಪರಿಶೋಧಕ ಸಂಸ್ಥೆ ಐದು ವರ್ಷಗಳ ಎರಡು ಅವಧಿಗಿಂತ ಹೆಚ್ಚು ಕಾಲ ಮುಂದುವರಿಯುವಂತಿಲ್ಲ. ಲೆಕ್ಕಪರಿಶೋಧಕರ ಮೇಲೆ ಕಣ್ಣಿಡಲು ರಾಷ್ಟ್ರೀಯ ಹಣಕಾಸು ವರದಿ ಪ್ರಾಧಿಕಾರ 2018ರಲ್ಲಿ ರಚನೆಯಾಯಿತು. ಅಂತರರಾಷ್ಟ್ರೀಯ ಮಾನಕಗಳಿಗೆ ಹೊಂದುವ ಭಾರತೀಯ ಲೆಕ್ಕ ಮಾನಕಗಳು ದೊಡ್ಡ ಕಂಪನಿಗಳಿಗೆ 2016ರ ಏಪ್ರಿಲ್‌ನಿಂದ ಕಡ್ಡಾಯವಾದವು.

ಸಾಲ ತೀರಿಸಲಾಗದ ಕಂಪನಿಗಳಿಗೆ 2016ರ ದಿವಾಳಿ ಸಂಹಿತೆ ಇದೆ. ಬಾಕಿ ಒಂದು ಕೋಟಿ ರೂಪಾಯಿ ಮುಟ್ಟಿದರೆ ಸಾಲ ಕೊಟ್ಟವರು ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಗೆ ಹೋಗಬಹುದು; ಪ್ರಕರಣ 330 ದಿನಗಳೊಳಗೆ ಮುಗಿಯಬೇಕೆಂಬುದು ಕಾನೂನಿನ ಗುರಿ. ಆಚರಣೆಯಲ್ಲಿ ಗಡುವು ಮೀರುವುದೇ ಸಾಮಾನ್ಯ. ಆದರೂ ಸಾಲ ಕಟ್ಟದ ಪ್ರವರ್ತಕ ಕಂಪನಿಯನ್ನೇ ಕಳೆದುಕೊಳ್ಳಬಹುದು ಎಂಬ ಅರಿವನ್ನು ಈ ಸಂಹಿತೆ ತಂದಿದೆ.

ಮೌಲ್ಯಮಾಪನ

ಹಣಕಾಸಿನ ಅಂಕಿಗಳು ಎಲ್ಲವನ್ನೂ ಹೇಳುವುದಿಲ್ಲ. ನೌಕರರ ಕೌಶಲ, ಗ್ರಾಹಕರ ನಂಬಿಕೆ, ಸಂಶೋಧನೆ ಇವು ಬ್ಯಾಲೆನ್ಸ್ ಶೀಟಿನಲ್ಲಿ ಪೂರ್ತಿಯಾಗಿ ಕಾಣುವುದಿಲ್ಲ. ಇದನ್ನು ತುಂಬಲು ಕಪ್ಲಾನ್ ಮತ್ತು ನಾರ್ಟನ್ ಎಂಬ ನಿರ್ವಹಣಾ ತಜ್ಞರು 1992ರಲ್ಲಿ ಗ್ರಾಹಕ, ಒಳಕಾರ್ಯ, ಕಲಿಕೆ ಈ ಮೂರನ್ನೂ ಹಣಕಾಸಿನ ಪಕ್ಕದಲ್ಲಿ ಅಳೆಯುವ ಸಮತೋಲಿತ ಅಂಕಪಟ್ಟಿಯನ್ನು ರೂಪಿಸಿದರು. ಆದರೆ ಬೇರೆ ಅಳತೆಗಳು ಎಷ್ಟೇ ಬಂದರೂ, ವ್ಯಾಪಾರದಿಂದ ಬಂದ ನಗದು ಬಡ್ಡಿಗೂ ಯಂತ್ರಗಳ ನವೀಕರಣಕ್ಕೂ ಸಾಕಾಗುತ್ತಿದೆಯೇ ಎಂಬ ಪ್ರಶ್ನೆಗೆ ಉತ್ತರವಿಲ್ಲದ ಕಂಪನಿ ಬಹುಕಾಲ ನಿಲ್ಲದು. ಷೇರುಪೇಟೆಯಲ್ಲಿರುವ ಕಂಪನಿಗಳು ಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ ನಿಯಮದಂತೆ ತ್ರೈಮಾಸಿಕ ಫಲಿತಾಂಶವನ್ನು 45 ದಿನಗಳಲ್ಲಿ, ವಾರ್ಷಿಕ ಫಲಿತಾಂಶವನ್ನು 60 ದಿನಗಳಲ್ಲಿ ಪ್ರಕಟಿಸಬೇಕು; ಇವು ಮುಂಬಯಿ ಮತ್ತು ರಾಷ್ಟ್ರೀಯ ಷೇರು ವಿನಿಮಯ ಕೇಂದ್ರಗಳ ಜಾಲತಾಣಗಳಲ್ಲಿ ಯಾರಿಗಾದರೂ ಉಚಿತವಾಗಿ ಓದಲು ಸಿಗುತ್ತವೆ.